ಬೀಳು ಬಿಟ್ಟ ಜಾಗ

ಸೋಮವಾರ, ಮಧ್ಯಾಹ್ನ ಊಟದ ಬಿಡುವು
ಕಚೇರಿಯ ಹಿಂದಿನ ಕೋಣೆ

ಪ್ರೀತಿಯ ಅಮ್ಮ,

ನಾನು ಕ್ಷೇಮ ಎಂದು ಬರೆದು ಆ ಸಾಲನ್ನು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬೇಕು. ಮೈಗೇನೂ ಆಗಿಲ್ಲ, ಗಾಬರಿ ಬೀಳಬೇಡ. ಜ್ವರವಿಲ್ಲ, ಕೆಮ್ಮಿಲ್ಲ, ಎರಡು ಹೊತ್ತು ಉಣ್ಣುತ್ತಿದ್ದೇನೆ. ಆದರೆ ಕ್ಷೇಮ ಎನ್ನುವುದಕ್ಕೆ ಈ ವಾರ ನನ್ನ ಹತ್ತಿರ ಸಾಕ್ಷಿಯಿಲ್ಲ. ಸಾಕ್ಷಿಯಿಲ್ಲದ್ದನ್ನು ಬರೆಯಬಾರದು ಎಂದು ಹತ್ತು ತಿಂಗಳಿಂದ ಇಲ್ಲಿ ತಲೆಗೆ ಕುಟ್ಟಿ ಕುಟ್ಟಿ ಕಲಿಸಿದ್ದಾರೆ.

ಫೋನು ಮಾಡಬಹುದಿತ್ತು. ನಿನ್ನ ಕಿವಿ ಕೇಳಬೇಕಲ್ಲ. ನಾನು ಕೂಗಿ ಹೇಳಬೇಕು, ನೀನು ಅದನ್ನೇ ಇನ್ನೂ ಜೋರಾಗಿ ತಿರುಗಿಸಿ ಕೇಳಬೇಕು, ಅಷ್ಟರಲ್ಲಿ ಎದುರುಮನೆಯ ಟೈಲರಕ್ಕ ಮಿಷನ್ನು ನಿಲ್ಲಿಸಿ ಕಿಟಕಿಗೆ ಬಂದಿರುತ್ತಾಳೆ. ಈ ವಿಷಯ ಆ ಕಿಟಕಿಯವರೆಗೆ ಹೋಗುವುದು ಬೇಡ. ಅಕ್ಕನಿಗೂ ಓದಲು ಕೊಡಬೇಡ, ಆಮೇಲೆ ನಾನೇ ಹೇಳುತ್ತೇನೆ.

ಮೊದಲು ಸಣ್ಣ ತಪ್ಪೊಂದನ್ನು ಒಪ್ಪಿಕೊಂಡುಬಿಡುತ್ತೇನೆ. ಹೋದ ತಿಂಗಳ ಕಾಗದದಲ್ಲಿ ಎರಡನೆಯ ವರ್ಷದ ಫೆಲೋಶಿಪ್ ಸಿಕ್ಕಿತು ಎಂದು ಬರೆದಿದ್ದೆನಲ್ಲ, ಅದು ಸಿಕ್ಕಿಲ್ಲ. ಸಿಗಬಹುದು ಎಂದು ಬರೆಯಲು ಹೊರಟವಳು ನಿನ್ನ ಮುಖ ನೆನಪಾಗಿ ಸಿಕ್ಕಿತು ಎಂದುಬಿಟ್ಟೆ. ನೀನು ಬೀದಿಗೆಲ್ಲ ಹೇಳಿ ಬಂದೆಯಂತೆ. ಟೈಲರಕ್ಕ ಕರಿಕೋಟು ತಾನೇ ಹೊಲಿದುಕೊಡುತ್ತೇನೆ, ಅಳತೆ ಕಳಿಸು ಅಂದಳಂತೆ. ಅಕ್ಕ ಇದನ್ನೆಲ್ಲ ಬರೆದಾಗ ನನಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯಿತು.

ನಿಜ ಸಂಗತಿ ಇಷ್ಟು. ಪರಿಸರ ಕಾನೂನು ಓದಿ ಮುಗಿಸಿದವರಲ್ಲಿ ಎಂಟು ಜನರನ್ನು ಆರಿಸಿ, ಕಾಡು, ನದಿ, ಕೆರೆಗಳ ಪರವಾಗಿ ಮೊಕದ್ದಮೆ ನಡೆಸುವ ಒಂದೊಂದು ಕಚೇರಿಗೆ ಒಂದು ವರ್ಷ ಹಾಕುತ್ತಾರೆ. ವರ್ಷದ ಕೊನೆಗೆ ಎಂಟರಲ್ಲಿ ಮೂವರಿಗೆ ಮಾತ್ರ ಇನ್ನೊಂದು ವರ್ಷ. ಅದಕ್ಕೆ ನಾನು ಸ್ವತಃ ಮಾಡಿದ ಒಂದು ಕೆಲಸದ ವರದಿ ಬೇಕು, ನನ್ನ ಮೇಲಿನ ವಕೀಲರ ಪತ್ರವೂ ಬೇಕು. ಕೊಡಲು ಕೊನೆಯ ದಿನ ಈ ಶುಕ್ರವಾರ. ನನ್ನ ವರದಿ ಇರುವುದು ಜೊಂಡಿನ ಜೌಗಿನ ಮೇಲೆ, ಆ ಜೌಗಿನ ವಿಚಾರಣೆ ಗುರುವಾರ. ಈಗ ನಿನಗೆ ನನ್ನ ವಾರ ಹೇಗಿದೆ ಎಂದು ಅರ್ಥವಾಗಿರಬೇಕು.

ಮೇಲಿನ ವಕೀಲರ ಬಗ್ಗೆ ನಾನು ಹೆಚ್ಚು ಬರೆದಿಲ್ಲ. ಕಚೇರಿಯಲ್ಲಿ ನಾವು ಅವರ ಬೆನ್ನ ಹಿಂದೆ ಕೆಂಪು ಪೆನ್ನು ಎನ್ನುತ್ತೇವೆ. ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಮ್ಮ ಇಡೀ ಸಂಸಾರ. ಮುಂದಿನ ಕೋಣೆ ಅವರದು, ಹಿಂದಿನದು ನಮ್ಮದು, ನಡುವೆ ಪೂರ್ತಿ ಮುಚ್ಚಿಕೊಳ್ಳದ ಒಂದು ಬಾಗಿಲು. ನಾವು ಬರೆದದ್ದರಲ್ಲಿ ‘ಬಹಳ’, ‘ಅತ್ಯಂತ’ ಕಂಡರೆ ಸಾಕು, ಅದಕ್ಕೊಂದು ಕೆಂಪು ಗೀಟು ಬೀಳುತ್ತದೆ. ಪುರಾವೆ ಇಲ್ಲದವರು ಬಹಳ ಅಂತಾರೆ, ಇದ್ದವರು ಎಷ್ಟು ಅಂತ ಹೇಳ್ತಾರೆ ಅನ್ನುವುದು ಅವರ ಮಾತು. ಬೈಯುವುದಿಲ್ಲ, ಗದರುವುದಿಲ್ಲ. ಬೈದರೆ ನಾನೂ ಎರಡು ಮಾತಾಡಿ ಹಗುರಾಗಬಹುದಿತ್ತು, ಅವರು ಸುಮ್ಮನೆ ಪೆನ್ನಿನ ಮುಚ್ಚಳ ತೆಗೆಯುತ್ತಾರೆ. ಊಟ ಕೂಡ ಕಿಟಕಿಯ ಹತ್ತಿರ ನಿಂತೇ ಮಾಡುತ್ತಾರೆ, ಕೂತು ಉಂಡರೆ ಎದುರಿನವರು ಮೊಕದ್ದಮೆ ಗೆದ್ದುಬಿಡುತ್ತಾರೆ ಎಂಬ ಹಾಗೆ.

ಇನ್ನು ಜೌಗು. ಇಲ್ಲಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ದೂರದಿಂದ ನೋಡಿದರೆ ಏನೂ ಇಲ್ಲ, ಆಳೆತ್ತರದ ಜೊಂಡು, ಅದರ ಬುಡದಲ್ಲಿ ಕಂದು ನೀರು. ಒಳಗೆ ಹೋದರೆ ಮೊಣಕಾಲಿನವರೆಗೆ ಹೂತುಕೊಳ್ಳುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ನೀನು ಹೇಳುತ್ತಿದ್ದೆ. ಇಲ್ಲಿ ಕೈ, ಕಾಲು, ಕಿವಿಯವರೆಗೂ ಕೆಸರಾಗಿದೆ, ಮೊಸರನ್ನು ಇನ್ನೂ ಕಾಣೆ. ನಲವತ್ತು ಮನೆಯವರು ಆ ಜೊಂಡು ಕೊಯ್ದು ಚಾಪೆ ನೇಯುತ್ತಾರೆ. ಗೋದಾಮು ಕಟ್ಟುವ ಕಂಪನಿಯೊಂದು ಜೌಗಿನ ಉತ್ತರದ ಕಾಲುಭಾಗಕ್ಕೆ ಮಣ್ಣು ತುಂಬಲು ಅನುಮತಿ ಕೇಳಿದೆ. ಕಾಲುಭಾಗ ತಾನೆ ಎನ್ನಬೇಡ. ನೀರು ಒಳಗೆ ಬರುವುದೇ ಆ ಕಡೆಯಿಂದ, ಅಲ್ಲಿ ಮಣ್ಣು ಬಿದ್ದರೆ ಉಳಿದ ಮುಕ್ಕಾಲು ಒಂದೆರಡು ಬೇಸಿಗೆಯಲ್ಲಿ ಒಣಗುತ್ತದೆ. ಆಮೇಲೆ ನಲವತ್ತು ಮನೆಯವರು ಏನು ಕೊಯ್ಯಬೇಕು?

ಅದನ್ನು ತಡೆಯಲು ಹಾಕಿದ ಅರ್ಜಿಗೆ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಹದಿನಾಲ್ಕು ಜನರ ಹೇಳಿಕೆ ಬರೆದುಕೊಂಡೆ. ಅದರಲ್ಲಿ ಮುಖ್ಯವಾದದ್ದು ಜೊಂಡಜ್ಜಿಯದು. ಎಪ್ಪತ್ತು ದಾಟಿದ್ದಾರೆ, ಎಂಟನೆಯ ವಯಸ್ಸಿನಿಂದ ಆ ನೀರಿನಲ್ಲೇ ನಿಂತವರು. ನಾನು ಮೊದಲ ದಿನ ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡಾಗ ಅದನ್ನು ಹುಡುಕಿ ತೆಗೆದು, ತೊಳೆದು, ಕಾನೂನು ಓದಿದೋರಿಗೆ ಚಪ್ಪಲಿ ಎಲ್ಲಿ ಬಿಡಬೇಕು ಅಂತ ಹೇಳಿಕೊಡಲ್ವಾ ಅಂದರು. ಅವತ್ತಿನಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು. ನಿನ್ನ ಹಾಗೆಯೇ, ಮಾತಿಗೆ ಮೊದಲು ಒಂದು ಚುಚ್ಚು, ಆಮೇಲೆ ಒಂದು ಲೋಟ ನೀರು.

ಜೌಗನ್ನು ಅವರು ನಾಲ್ಕು ಪಾಲು ಮಾಡಿಕೊಂಡಿದ್ದಾರೆ. ಪ್ರತಿ ವರ್ಷ ಒಂದು ಪಾಲಿಗೆ ಕುಡುಗೋಲು ಇಡುವುದಿಲ್ಲ. ಹಕ್ಕಿ ಮೊಟ್ಟೆ ಇಡುವುದು, ಮೀನು ಮರಿ ಮಾಡುವುದು ಅಲ್ಲೇ. ಮರುವರ್ಷ ಆ ಪಾಲಿಗೆ ಕೊಯ್ಲು, ಪಕ್ಕದ ಪಾಲಿಗೆ ರಜೆ. ಯಾರಾದರೂ ಕದ್ದು ಒಳಗೆ ಹೋದರೆ ಅವರ ಮನೆಯ ಚಾಪೆಯನ್ನು ಆ ವರ್ಷ ಯಾರೂ ಸಂತೆಗೆ ಒಯ್ಯುವುದಿಲ್ಲ. ಓದಿದವರು ಸಂರಕ್ಷಣೆ ಎಂದು ದಪ್ಪ ದಪ್ಪ ಪುಸ್ತಕ ಬರೆದಿರುವುದನ್ನು ಇವರು ಅಜ್ಜ ಮುತ್ತಾತರ ಕಾಲದಿಂದ ಮಾಡಿಕೊಂಡು ಬಂದಿದ್ದಾರೆ. ಇವರು ಅದಕ್ಕೆ ಇಟ್ಟುಕೊಂಡ ಹೆಸರು ಬೀಳು. ಬೀಳು ಬಿಡೋದು ಅಂದರೆ ಕಾಯೋದು ಅಂತ ಅಜ್ಜಿ ನನಗೆ ಬಿಡಿಸಿ ಹೇಳಿದ್ದರು.

ಆ ಪದ ನನಗೆ ಎಷ್ಟು ಹಿಡಿಸಿತು ಗೊತ್ತೇ? ಹೇಳಿಕೆಯಲ್ಲಿ ಹಾಗೇ ಇಟ್ಟೆ. ‘ಈ ವರ್ಷ ಉತ್ತರದ ಪಾಲು ಬೀಳು. ಅಲ್ಲಿ ನಾವು ಯಾರೂ ಹೋಗುವುದಿಲ್ಲ, ಏನೂ ಕೊಯ್ಯುವುದಿಲ್ಲ.’ ಅಜ್ಜಿಯ ಬಾಯಿಂದ ಬಂದದ್ದು ಅಕ್ಷರಕ್ಕೆ ಅಕ್ಷರ ಇಷ್ಟೇ. ಈ ವರ್ಷ ಇದು, ಬರೋ ವರ್ಷ ಅದು, ಅದರಾಚೆ ವರ್ಷ ಮತ್ತೊಂದು ಎನ್ನುವುದನ್ನು ಅವರು ಬಾಯಲ್ಲಿ ಹೇಳಲಿಲ್ಲ, ಗಾಳಿಯಲ್ಲಿ ಕೈ ಸುತ್ತ ತಿರುಗಿಸಿ ತೋರಿಸಿದರು. ನನಗೆ ಅರ್ಥವಾಯಿತು. ಕಾಗದಕ್ಕೆ ಅರ್ಥವಾಗಲಿಲ್ಲ.

ಒಂಬತ್ತು ದಿನದ ಹಿಂದೆ, ಶನಿವಾರ, ಕಂಪನಿಯವರ ಉತ್ತರ ಬಂತು. ಅರ್ಜಿದಾರರ ಮುಖ್ಯ ಸಾಕ್ಷಿಯೇ ಉತ್ತರದ ಪಾಲು ಬೀಳು ಎಂದು ಪ್ರಮಾಣ ಮಾಡಿ ಹೇಳಿದ್ದಾರೆ; ಅಲ್ಲಿ ಯಾರೂ ಹೋಗುವುದಿಲ್ಲ, ಏನೂ ಕೊಯ್ಯುವುದಿಲ್ಲ ಎಂದೂ ಅವರೇ ಹೇಳಿದ್ದಾರೆ; ಭೂದಾಖಲೆಯಲ್ಲಿ ಬೀಳು ಎಂದರೆ ಯಾರ ಉಪಯೋಗಕ್ಕೂ ಇಲ್ಲದ ಪಾಳು ನೆಲ; ಅಂಥ ನೆಲಕ್ಕೆ ಮಣ್ಣು ತುಂಬಿದರೆ ಯಾರಿಗೆ ನಷ್ಟ ಎಂದು ಬರೆದಿದ್ದಾರೆ. ನಾವು ಕೊಟ್ಟ ಕೋಲಿನಿಂದ ನಮಗೇ ಹೊಡೆದಿದ್ದಾರೆ. ಜೌಗನ್ನು ಉಳಿಸಲು ಹೋಗಿ ಅದರ ಪಾಳು ಚೀಟಿಯನ್ನು ನಾನೇ ಬರೆದುಕೊಟ್ಟಿದ್ದೆ.

ಕೆಂಪು ಪೆನ್ನು ಅದನ್ನು ಎರಡು ಸಲ ಓದಿದರು. ಆಮೇಲೆ ನನ್ನನ್ನು ಕರೆದು, ಈ ಪದ ಅಜ್ಜಿಯದೇ ತಾನೆ ಎಂದು ಕೇಳಿದರು. ಅವರದೇ ಮೇಡಂ, ನಾನು ಒಂದಕ್ಷರ ಬದಲಿಸಿಲ್ಲ ಎಂದೆ. ಹಾಗಾದರೆ ಹೆದರೋದು ಬೇಡ, ಅಜ್ಜಿಯನ್ನೇ ಕರೆಸೋಣ, ಬೀಳು ಅಂದರೇನು ಅಂತ ಅವರ ಬಾಯಲ್ಲೇ ಕೋರ್ಟು ಕೇಳಲಿ ಅಂದರು. ಅಜ್ಜಿ ಗುರುವಾರ ಕಟಕಟೆ ಹತ್ತುತ್ತಾರೆ. ಇದುವರೆಗೆ ಕೋರ್ಟಿನ ಬಾಗಿಲು ಕಂಡವರಲ್ಲ. ಇದ್ದ ಒಂದೇ ಒಳ್ಳೆಯ ಸೀರೆ ಒಗೆದು ಹಾಕಿಕೊಂಡಿದ್ದಾರಂತೆ.

ಕೆಂಪು ಪೆನ್ನು ಅಷ್ಟಕ್ಕೇ ಬಿಡಲಿಲ್ಲ. ಎದುರು ವಕೀಲರು ಪಾಟೀಸವಾಲಿನಲ್ಲಿ ಏನು ಕೇಳಬಹುದು ಎಂದು ಪಟ್ಟಿ ಮಾಡಿಕೊಂಡು ಬಾ ಎಂದು ನನಗೇ ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಪಟ್ಟಿ ಬರೆಯುವಾಗ ನನ್ನದು ಅದೇ ಪಾಡು. ಎಷ್ಟು ವರ್ಷದಿಂದ ಕೊಯ್ಯುತ್ತೀರಿ ಎಂದು ಬರೆದೆ. ಪಾಲು ಹಂಚುವವರು ಯಾರು ಎಂದು ಬರೆದೆ. ಈಗ ಹೇಳುವುದನ್ನು ಹೇಳಿಕೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಬರೆದೆ. ಅದರ ಮುಂದೆ ಬರಬೇಕಾದ ಪ್ರಶ್ನೆ ನನಗೆ ಗೊತ್ತಿತ್ತು. ಬರೆಯಲಿಲ್ಲ. ಕಚೇರಿಯಲ್ಲಿ ಎಲ್ಲರೂ ಪಟ್ಟಿ ಚೆನ್ನಾಗಿದೆ ಅಂದರು.

ಈ ಒಂಬತ್ತು ದಿನದಲ್ಲಿ ಮೂರು ಸಲ ಆ ಬಾಗಿಲಿನವರೆಗೆ ಹೋಗಿ ಬಂದಿದ್ದೇನೆ, ಹೋದ ಪುಟ್ಟ ಬಂದ ಪುಟ್ಟ. ಒಂದು ಸಲ ಒಳಗೂ ಹೋದೆ. ಏನು ಎಂದು ಅವರು ತಲೆ ಎತ್ತಿದಾಗ ಸ್ಟೇಪ್ಲರ್ ಬೇಕಿತ್ತು ಎಂದೆ. ಈಗ ನನ್ನ ಮೇಜಿನ ಮೇಲೆ ಎರಡು ಸ್ಟೇಪ್ಲರ್ ಇವೆ. ನೀನು ಬಾಯಿಬಡುಕಿ ಎಂದು ಕರೆದು ಬೆಳೆಸಿದ ಮಗಳಿಗೆ ಬಾಯಿ ಕಟ್ಟಿಹೋಗಿದೆ. ರಾತ್ರಿ ಊಟ ಬಿಟ್ಟು ಮಲಗುತ್ತೇನೆ. ಎರಡು ಹೊತ್ತು ಉಣ್ಣುತ್ತೇನೆ ಎಂದು ಮೇಲೆ ಬರೆದದ್ದನ್ನು ಒಂದು ಹೊತ್ತು ಎಂದು ತಿದ್ದಿಕೊ.

ಅಮ್ಮ, ನಿಜ ಹೇಳಬೇಕೆಂದರೆ ನನಗೆ ನಿನ್ನ ಮೇಲೂ ಸ್ವಲ್ಪ ಸಿಟ್ಟಿದೆ. ನೀನು ಮೂವತ್ತು ವರ್ಷ ಕಚೇರಿಯ ಮೆಟ್ಟಿಲ ಪಕ್ಕ ಮಡಚುವ ಮೇಜು ಹಾಕಿಕೊಂಡು ಬರೆಯಲು ಬಾರದವರ ಅರ್ಜಿ ಬರೆದವಳು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ರಜೆಯಲ್ಲಿ ನಿನ್ನ ಪಕ್ಕ ಕೂತು ಒಂದು ಅರ್ಜಿ ಬರೆದದ್ದು ನೆನಪಿದೆಯೇ? ನಮ್ಮನೆ ಮುದುಕನಿಗೆ ಕಣ್ಣು ಕಾಣಲ್ಲ ಅಂದ ಹೆಂಗಸಿನ ಮಾತನ್ನು ನಾನು ನನ್ನ ಪತಿದೇವರು ದೃಷ್ಟಿಹೀನರಾಗಿದ್ದು ಎಂದು ಚೆಂದ ಮಾಡಿದೆ. ಒಳಗೆ ಸಾಹೇಬರು ಪತಿದೇವರು ಹೇಗಿದ್ದಾರೆ ಎಂದು ಕೇಳಿದರೆ, ಅಂಥಾ ದೇವರು ನಮ್ಮ ಮನೇಲಿಲ್ಲ ಸ್ವಾಮಿ ಅಂದು ಆಕೆ ವಾಪಸು ಬಂದುಬಿಟ್ಟಳು. ಅವತ್ತು ನೀನು ಆ ಕಾಗದ ಹರಿದು, ಕೇಳಿದ್ದನ್ನು ಕೇಳಿದ ಹಾಗೇ ಬರಿ, ನಿನ್ನ ಜಾಣತನ ಮನೇಲಿಟ್ಟು ಬಾ ಅಂದೆ. ಅದನ್ನೇ ಹಿಡಿದುಕೊಂಡು ಇಲ್ಲಿಯವರೆಗೆ ಬಂದೆ. ಸಂದರ್ಶನದಲ್ಲಿ ಅದನ್ನೇ ಹೇಳಿ ಫೆಲೋಶಿಪ್ ಗಿಟ್ಟಿಸಿದೆ. ಬೀಳು ಎಂದು ಕೇಳಿದೆ, ಬೀಳು ಎಂದು ಬರೆದೆ. ಕೇಳಿದ್ದನ್ನು ಬರಿ ಎಂದೆಯಲ್ಲ, ನೋಡಿದ್ದನ್ನು ಏನು ಮಾಡಬೇಕು ಎಂದು ಯಾಕೆ ಹೇಳಲಿಲ್ಲ?

ಈಗ ಕೇಳುವುದು ಇಷ್ಟೇ. ನೀನು ಬರೆದ ಅರ್ಜಿಯಲ್ಲಿ ತಪ್ಪಾಗಿ, ಅದು ಆಗಲೇ ಒಳಗೆ ಹೋಗಿಬಿಟ್ಟಿದ್ದರೆ, ನೀನು ಎದ್ದು ಹೋಗಿ ಹೇಳುತ್ತಿದ್ದೆಯಾ? ಹೇಳಿದರೆ ನಾಳೆಯಿಂದ ನಿನ್ನ ಮೇಜಿನ ಮುಂದೆ ಯಾರೂ ಕೂರುವುದಿಲ್ಲ ಎಂದು ಗೊತ್ತಿದ್ದರೂ? ಉತ್ತರ ಬರುವುದರೊಳಗೆ ಗುರುವಾರ ಮುಗಿದಿರುತ್ತದೆ ಎಂದು ಗೊತ್ತು. ಆದರೂ ಕೇಳದೆ ಇರಲಾಗಲಿಲ್ಲ.

ಮಾತ್ರೆ ತಪ್ಪಿಸಬೇಡ. ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟುಕೊಳ್ಳುವುದನ್ನು ಡಾಕ್ಟರು ಬೇಡವೆಂದಿದ್ದಾರೆ, ನೆನಪಿರಲಿ.

ಹೆದರಿಕೊಂಡಿರುವ, ಆದರೂ ನಿನ್ನವಳೇ ಆದ
ಬಾಯಿಬಡುಕಿ

ತಾ.ಕ.: ಮಂಗಳವಾರ ಬೆಳಿಗ್ಗೆ. ನಿನ್ನೆ ಈ ಕಾಗದವನ್ನು ಲಕೋಟೆಗೆ ಹಾಕಿ, ಅಂಟಿಸಲು ಹೋದರೆ ಕೈ ಬರಲಿಲ್ಲ. ನಿನ್ನ ಮಾತನ್ನು ನಾನು ಅರ್ಧವೇ ಬರೆದಿದ್ದೇನೆ. ಕೇಳಿದ್ದನ್ನು ಕೇಳಿದ ಹಾಗೇ ಬರಿ ಎಂದ ಮೇಲೆ ನೀನು ಇನ್ನೊಂದು ಹೇಳಿದ್ದೆ: ಬರೆದಾದ ಮೇಲೆ ಅವರಿಗೆ ಓದಿ ಹೇಳು, ಅವರು ಹ್ಞೂಂ ಅನ್ನೋವರೆಗೂ ಇಂಕಿನ ಡಬ್ಬಿ ತೆಗೀಬೇಡ. ಈ ಕಾಗದದ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನೀನು, ‘ಅಜ್ಜಿಗೆ ಓದಿ ಹೇಳಿದ್ದೆಯಾ’ ಎಂದು ಕೇಳಿರುತ್ತೀ. ಅದು ಗೊತ್ತಿದ್ದೇ ನಾನು ಇಷ್ಟುದ್ದ ಬರೆದು ಅದರ ಸುತ್ತ ಸುತ್ತಿದ್ದು.

ಓದಿ ಹೇಳಲಿಲ್ಲ ಅಮ್ಮ. ಅಜ್ಜಿಯದು ಅವತ್ತಿನ ಕೊನೆಯ ಹೇಳಿಕೆ, ಐದೂವರೆಯ ಬಸ್ಸಿಗೆ ಹತ್ತೇ ನಿಮಿಷವಿತ್ತು. ಹೆಬ್ಬೆಟ್ಟು ಒತ್ತುವ ಮೊದಲು ಏನು ಬರೆದಿದ್ದೀ ಮಗಳೇ ಎಂದು ಅವರಾಗಿಯೇ ಕೇಳಿದರು. ನೀವು ಹೇಳಿದ್ದೇ ಅಜ್ಜಿ ಅಂದೆ. ಅದರ ಕೆಳಗೆ, ಸಾಕ್ಷಿಗೆ ಪೂರ್ತಿಯಾಗಿ ಓದಿ ಹೇಳಿದ್ದೇನೆ, ಕೇಳಿ ಒಪ್ಪಿರುತ್ತಾರೆ ಎಂಬ ಸಾಲಿಗೆ ನನ್ನ ರುಜು ಹಾಕಿ ಬಸ್ಸು ಹಿಡಿದೆ. ಓದಿದ್ದರೆ, ಏನೂ ಕೊಯ್ಯಲ್ಲ ಅಂತ ಅಷ್ಟಕ್ಕೇ ನಿಲ್ಲಿಸಿದ್ದೀಯಲ್ಲ, ಬರೋ ವರ್ಷ ಕೊಯ್ತೀವಿ ಅಂತ ಬರಿ ಎಂದು ಅವರು ಅಲ್ಲೇ ತಿದ್ದಿಸುತ್ತಿದ್ದರು. ಒಂದು ಬಸ್ಸಿಗೆ ನಾನು ನಲವತ್ತು ಮನೆಯ ನೀರು ಕೊಟ್ಟೆ. ಪಟ್ಟಿಯಲ್ಲಿ ನಾನು ಬರೆಯದೆ ಬಿಟ್ಟ ಪ್ರಶ್ನೆ ಇದೇ: ಇದನ್ನು ನಿಮಗೆ ಓದಿ ಹೇಳಿದರೇ? ಹೌದು ಎಂದರೆ ಅಜ್ಜಿ ಮಾತು ಬದಲಿಸಿದವರಾಗುತ್ತಾರೆ, ಅವರು ಬೀಳಿನ ಬಗ್ಗೆ ಹೇಳುವ ಯಾವುದನ್ನೂ ಯಾರೂ ನಂಬುವುದಿಲ್ಲ. ಇಲ್ಲ ಎಂದರೆ ನಾನು ಸುಳ್ಳು ರುಜು ಹಾಕಿದವಳಾಗುತ್ತೇನೆ, ಎರಡನೆಯ ವರ್ಷ ಹಾಗಿರಲಿ, ವಕೀಲಿಯೇ ಕೈಬಿಟ್ಟು ಹೋಗಬಹುದು.

ಮೊನ್ನೆ ಭಾನುವಾರ ಅಜ್ಜಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯಲಿ ಎಂದೇ ಹೋಗಿದ್ದೆ. ನೇಯುತ್ತಿದ್ದ ಚಾಪೆಯಿಂದ ತಲೆ ಎತ್ತದೆ, ಅಷ್ಟಕ್ಕೆ ಯಾಕೆ ಅಳ್ತೀ, ಕೇಳಿದರೆ ಓದಿದಳು ಅಂತ ಹೇಳ್ತೀನಿ ಬಿಡು, ನಿನ್ನ ಓದು ಹಾಳಾಗೋದು ಬೇಡ ಅಂದರು. ಎಪ್ಪತ್ತು ವರ್ಷ ಒಂದು ಕಡ್ಡಿ ಜೊಂಡನ್ನೂ ಕದ್ದು ಕೊಯ್ಯದ ಹೆಂಗಸು, ನನಗಾಗಿ, ಪ್ರಮಾಣ ಮಾಡಿ ಸುಳ್ಳು ಹೇಳಲು ಒಪ್ಪಿದರು. ನಾನು ಬೇಡ ಎನ್ನಲಿಲ್ಲ ಅಮ್ಮ. ಬಸ್ಸಿನಲ್ಲಿ ಬರುವಾಗ ಒಂದು ಗಳಿಗೆ ನನಗೆ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೇ ನನಗೆ ನನ್ನ ಮೇಲೆ ಹೇಸಿಗೆಯಾಗಿರುವುದು.

ಹೊಸ ಹೇಳಿಕೆ ಕೊಡಲು ಬುಧವಾರ ಸಂಜೆಯವರೆಗೆ ಅವಕಾಶವಿದೆ. ಹಳೆಯದು ಯಾಕೆ ತಪ್ಪು ಎಂದು ಅದನ್ನು ಬರೆದವರು ಒಪ್ಪಿ ಬರೆದುಕೊಡಬೇಕು. ಕೋರ್ಟು ಅದನ್ನು ತೆಗೆದುಕೊಳ್ಳುತ್ತದೋ ಇಲ್ಲವೋ ನನಗೆ ತಿಳಿಯದು. ಬಾಯಲ್ಲಿ ಹೇಳುವ ಧೈರ್ಯ ನಿನ್ನ ಮಗಳಿಗೆ ಇನ್ನೂ ಬಂದಿಲ್ಲ. ಅದಕ್ಕೆ ಈ ಲಕೋಟೆಯನ್ನು ಅಂಟಿಸದೆ ಮುಂದಿನ ಕೋಣೆಯ ಮೇಜಿನ ಮೇಲೆ ಇಟ್ಟು ಬರುತ್ತೇನೆ. ಮೊದಲು ನೀವು ಓದಿ, ಆಮೇಲೆ ಅಂಚೆಗೆ ಹಾಕಿ ಎಂದು ಮೇಲೊಂದು ಚೀಟಿ. ಕೆಂಪು ಪೆನ್ನು ಎಂಬ ಹೆಸರು ಅವರಿಗೆ ಗೊತ್ತಾಗುತ್ತದೆ, ನಿಂತು ಉಣ್ಣುವ ಮಾತೂ ಗೊತ್ತಾಗುತ್ತದೆ. ಅದನ್ನೆಲ್ಲ ತೆಗೆದು ಬೇರೆ ಬರೆಯೋಣ ಎಂದುಕೊಂಡೆ. ಮತ್ತೆ ಚೆಂದ ಮಾಡಿದ ಹಾಗಾಗುತ್ತದೆ ಎಂದು ಬಿಟ್ಟೆ.

ಅವರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಆದರೆ ಈ ಕಾಗದ ನಿನ್ನ ಕೈ ಸೇರಿದೆ ಎಂದರೆ ಅವರು ಓದಿದ್ದಾರೆ, ಅಜ್ಜಿ ನನಗಾಗಿ ಸುಳ್ಳು ಹೇಳಬೇಕಾಗಿ ಬಂದಿಲ್ಲ ಎಂದು ತಿಳಿದುಕೊ.